ಮೇಲೊಬ್ಬ, ಕೆಳಗೊಬ್ಬ

ಗೇರ್‌ಬಾಕ್ಸ್ ಬಿಚ್ಚಿದವರು ಲೋಕದಲ್ಲಿ ಲಕ್ಷ ಜನ ಇರಬಹುದು. ಆದರೆ ಲಾರಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು, ಅದೂ ಮನೆಯಲ್ಲಿ, ಅದೂ ಮಲಗುವ ಕೋಣೆಯಲ್ಲಿ, ಅತ್ತಿಗೆಯ ಮದುವೆ ಕಾಲದ ಬಿಳಿ ಹೊದಿಕೆಯ ಮೇಲೆ ಕಟ್ಟಕಡೆಯ ಗೋಲಿಯವರೆಗೆ ಬಿಚ್ಚಿ ಹರಡಿ, ಒಂದೂ ಉಳಿಯದ ಹಾಗೆ ಮತ್ತೆ ಜೋಡಿಸಿದವನು ಮೂರು ಲೋಕಕ್ಕೂ ತಾನೊಬ್ಬನೇ ಎಂದು ಬಡಾಯಿ ಬೆಳಗಿನಿಂದ ನಾಲ್ಕನೆಯ ಸಲ ಅಂದುಕೊಂಡ. ಮೊದಲ ಮೂರು ಸಲವೂ ಎದೆ ಉಬ್ಬಿರಲಿಲ್ಲ, ನಾಲ್ಕನೆಯದಕ್ಕೂ ಉಬ್ಬಲಿಲ್ಲ. ಬಡಾಯಿ ಎನ್ನುವುದು ಬೀದಿಯವರು ಇಟ್ಟ ಹೆಸರು, ಅವನಿಗದು ಬಿರುದಿನ ಹಾಗೆ ಕೇಳಿಸುತ್ತಿತ್ತು. ಯಾರಾದರೂ ಹಾಗೆ ಕೂಗಿದರೆ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು. ಈಗ ಅವನು ಶೆಡ್ಡಿನಲ್ಲಿ ಅಣ್ಣನ ಲಾರಿಯ ಹೊಟ್ಟೆಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದ. ಪಕ್ಕದಲ್ಲಿ, ಚಕ್ರವಿರುವ ಜಾಕಿಯ ಮೇಲೆ, ಆನೆಮರಿಯಷ್ಟು ತೂಕದ ಗೇರ್‌ಬಾಕ್ಸು ಸೊಂಟಕ್ಕೆ ಸರಪಳಿ ಬಿಗಿಸಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂಥ ಮುಖ ಮಾಡಿಕೊಂಡು ಕೂತಿತ್ತು. ಸಂಜೆ ಐದಕ್ಕೆ ಲಾರಿ ಕೊಳ್ಳುವವನು ಬರುತ್ತಾನೆ. ಅಷ್ಟರೊಳಗೆ ಇದು ಮೇಲೇರಬೇಕು, ಬೋಲ್ಟು ಬಿಗಿಯಬೇಕು, ಆಯಿಲು ತುಂಬಬೇಕು, ಕೇಬಲ್ಲು ಸಿಕ್ಕಿಸಬೇಕು. ಆಮೇಲೆ ಲಾರಿ ಹೋಗುತ್ತದೆ, ಲಾರಿಯ ಜೊತೆ ನಾಲ್ಕು ತಿಂಗಳ ಹಿಂದಿನ ಆ ಬೆಳಗ್ಗೆಯೂ ಗೇಟು ದಾಟಿ ಹೋಗುತ್ತದೆ, ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಮೊದಲು ಕನ್ವರ್ಟರು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಎಣ್ಣೆ ತುಂಬಿದ ಕಬ್ಬಿಣದ ದಪ್ಪ ಡಬ್ಬಿ ಅದು. ಶಾಫ್ಟಿನ ಮೇಲಿಟ್ಟು ತಿರುಗಿಸುತ್ತ ಒಳಕ್ಕೆ ಒತ್ತಿದರೆ ಮೂರು ಸಲ ಧಡಕ್ ಎನ್ನಬೇಕು. ಎರಡಕ್ಕೇ ತೃಪ್ತನಾಗಿ ಬೋಲ್ಟು ಬಿಗಿದವನ ಎಣ್ಣೆ ಪಂಪು ಹಪ್ಪಳವಾಗುತ್ತದೆ. ಬಡಾಯಿ ಒತ್ತಿದ. ಒಂದು. ಎರಡು. ಮೂರನೆಯದು ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ, ಕನ್ವರ್ಟರಿನ ಒಳಗಿಂದಲೋ, ಗೋಡೆಯಾಚೆ ಅಣ್ಣ ಮಲಗುವ ಕೋಣೆಯಿಂದಲೋ. ಏನಾದರೂ ಬೇಕಾದಾಗ ಅಣ್ಣ ಊರುಗೋಲಿನ ತುದಿಯಿಂದ ಗೋಡೆಗೆ ಬಡಿಯುತ್ತಾನೆ. ಬಡಾಯಿ ಉಸಿರು ಹಿಡಿದು ಕಾದ. ಗೋಡೆ ಮತ್ತೆ ಮಾತಾಡಲಿಲ್ಲ. ಹೊರಗೆಳೆದು ಮತ್ತೆ ಒತ್ತಿದ, ಮತ್ತೆ ಎಳೆದ. ಹತ್ತು ಮೈಲಿ ಆಚೆ ಹೋಗುವ ಗಾಡಿಯ ಸದ್ದು ಕೇಳಿ ಅದರ ಯಾವ ಚಕ್ರದ ಯಾವ ನಟ್ಟು ಸಡಿಲ ಎಂದು ಹೇಳುತ್ತಿದ್ದ ಕಿವಿ ಈಗ ಮೂರರವರೆಗೆ ಎಣಿಸಲಾರದೆ ಒದ್ದಾಡಿತು. ಕೊನೆಗೆ ಸ್ಕೇಲು ತಂದು ಅಳೆದು ನೋಡಿದ. ಸರಿಯಾಗೇ ಕೂತಿತ್ತು. ಸ್ಕೇಲು ಹಿಡಿದ ಕೈಯನ್ನು ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ಕಣ್ಣು ಹಾಯಿಸಿದ, ಯಾಕೆಂದರೆ ಅಳೆದು ಕೆಲಸ ಮಾಡುವವರನ್ನು ಅವನು ಇಷ್ಟು ವರ್ಷ ಟೇಲರುಗಳು ಎಂದು ಹಾಸ್ಯ ಮಾಡುತ್ತ ಬಂದಿದ್ದ.

ಕೈ ಎಂದರೆ ಅಣ್ಣನದು. ಇಪ್ಪತ್ತೆಂಟು ವರ್ಷ ಗಾಜು ಸಾಗಿಸಿದ ಕೈ. ಕಿಟಕಿ ಗಾಜು, ಅಂಗಡಿ ಮುಂಗಟ್ಟಿನ ಗಾಜು, ಕೆರೆಯಷ್ಟು ಅಗಲದ ಕನ್ನಡಿಗಳು. ಲಾರಿಯ ಬೆನ್ನ ಮೇಲೆ ಮರದ ಚೌಕಟ್ಟಿಗೆ ಒರಗಿಸಿಕೊಂಡು ಅಣ್ಣ ಹಳ್ಳಕೊಳ್ಳದ ರಸ್ತೆಯಲ್ಲಿ ಹೋಗುತ್ತಿದ್ದರೆ ಗಾಜಿನ ಮೇಲೆ ಕೂತ ನೊಣಕ್ಕೂ ನಿದ್ದೆ ಹತ್ತುತ್ತಿತ್ತು. ಒಂದು ಬಿರುಕಿಲ್ಲ, ಒಂದು ಮೂಲೆ ಮುಕ್ಕಾಗಿಲ್ಲ. ಗಾಜಿನಂಗಡಿಯ ಯಜಮಾನ ಬೇರೆ ಡ್ರೈವರುಗಳನ್ನು ಬೈಯುವಾಗ ಅಣ್ಣನ ಎರಡು ಕೈಗಳನ್ನು ಸಾಕ್ಷಿಗೆ ಕರೆಯುತ್ತಿದ್ದ. ಆ ಕೈಗಳು ಈಗ ಹೊದಿಕೆಯ ಮೇಲೆ ಪಕ್ಕಪಕ್ಕದಲ್ಲಿ ಬಿದ್ದಿರುತ್ತವೆ, ಅಣ್ಣ ಅವನ್ನು ಬೇರೆಯವರ ಮನೆಯ ಮಕ್ಕಳನ್ನು ನೋಡುವ ಹಾಗೆ ನೋಡುತ್ತಿರುತ್ತಾನೆ. ಹೋದ ವಾರ ಯಜಮಾನ ಬಂದಿದ್ದ. ಕುರ್ಚಿಯ ತುದಿಯಲ್ಲಿ ಕೂತು, ಹೊಸ ಡ್ರೈವರು ಹದಿನೈದು ದಿನಕ್ಕೆ ಒಂಬತ್ತು ಗಾಜು ಒಡೆದನೆಂದೂ, ಸೊಂಟ ನೆಟ್ಟಗಾದ ದಿನವೇ ಬಂದುಬಿಡಬೇಕೆಂದೂ ಹೇಳಿದ. ಅಣ್ಣ ಬೇರೆಯವರನ್ನು ನೋಡಿಕೊಳ್ಳಿ ಎಂದುಬಿಟ್ಟ. ಸೊಂಟ ನೆಟ್ಟಗಾಗುತ್ತದೆ, ಡಾಕ್ಟರು ಹೇಳಿದ್ದಾರೆ, ಆದರೆ ಕೈ ಮರೆತುಬಿಡುತ್ತದೆ, ಒಮ್ಮೆ ಮರೆತದ್ದು ಇನ್ನೊಮ್ಮೆಯೂ ಮರೆಯುತ್ತದೆ, ಆಗ ಗೇಟಿನ ಮುಂದೆ ನಾನಲ್ಲ, ಬೇರೆ ಯಾರಾದರೂ ನಿಂತಿರುತ್ತಾರೆ ಅಂದ. ಯಜಮಾನ ಹೋದ ಮೇಲೆ ಗೋಡೆಗೆ ಬಡಿದು ತಮ್ಮನನ್ನು ಕರೆದು, "ಜೋಡಿಸಿಬಿಡೋ. ಕೊಟ್ಟುಬಿಡೋಣ" ಅಂದ. ಬಡಾಯಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಎಣ್ಣೆಯಲ್ಲಿ ನೆನೆಸಿದ ಕ್ಲಚ್ ಪ್ಲೇಟಿತ್ತು, ಅದರಿಂದ ಕೆಂಪು ಹನಿಗಳು ಒಂದೊಂದಾಗಿ ಹೊಸಿಲಿನ ಮೇಲೆ ಬೀಳುತ್ತಿದ್ದವು. ಈ ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರುತ್ತದೆ, ಅದು ಅದರ ಬಣ್ಣ, ಅಷ್ಟೇ. ಆದರೂ ಅವನು ಕೂತು ತನ್ನ ಅಂಗಿಯಿಂದ ಹೊಸಿಲನ್ನು ಒರೆಸಿದ.

ನಾಲ್ಕು ತಿಂಗಳ ಹಿಂದೆ ಲಾರಿ ಸದ್ದಿಲ್ಲದೆ ಬಂದಿತ್ತು. ಅದೇ ಅವನನ್ನು ಬಿಡದ್ದು. ಲಾರಿ ಎಂದ ಮೇಲೆ ಊರು ಎಬ್ಬಿಸುವ ಸದ್ದು ಇರಬೇಕು. ಅಂದು ಬೆಳಗ್ಗೆ ಅಣ್ಣ ಇಂಜಿನ್ ನಿಲ್ಲಿಸಿ, ಗೇಟು ತೆಗೆಯಲೆಂದು ಇಳಿದು, ಇಳಿಜಾರಿನ ಕೊನೆಯಲ್ಲಿ ಬೆನ್ನು ತಿರುಗಿಸಿ ಚಿಲಕ ಎಳೆಯುತ್ತಿದ್ದ. ಲಾರಿ ಅವನ ಹಿಂದೆ ನಿಧಾನವಾಗಿ, ಏನೋ ಗುಟ್ಟು ಹೇಳಲು ಹತ್ತಿರ ಬರುವವರ ಹಾಗೆ ಬಂತು. ಬಡಾಯಿ ಜಗುಲಿಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ. ನೋಡುತ್ತಿದ್ದ. ಕೂಗಲಿಲ್ಲ, ಬಾಯಿ ತುಂಬ ನೊರೆಯಿತ್ತು; ಜೀವಮಾನದಲ್ಲಿ ಮಾತಿಗೆ ಅವನ ಬಾಯಿ ಖಾಲಿಯಿಲ್ಲದೆ ಹೋದದ್ದು ಅದೊಂದೇ ಗಳಿಗೆ. ಲಾರಿ ಅಣ್ಣನನ್ನು ಗೇಟಿನ ಕಂಬಕ್ಕೆ ಒತ್ತಿ, ಇನ್ನೇನು ಹೇಳಲಿಕ್ಕಿಲ್ಲ ಎಂಬಂತೆ ನಿಂತಿತು. ಓಡಿ ಹತ್ತಿದವನು ಬಡಾಯಿ. ಇಂಜಿನ್ ಹೊಡೆದವನು ಬಡಾಯಿ. ಕಾಲಿನ ಹತ್ತಿರ ನಿಂತಿರುವ ಗೇರಿನ ಲಿವರನ್ನು ಹಿಡಿಯುವ ಮೊದಲು ಅದರ ಪಕ್ಕದ ಅಕ್ಷರಗಳನ್ನು ನೋಡಿದವನೂ ಬಡಾಯಿ. ಲಿವರು ಪಿ ಅಕ್ಷರದ ಮುಂದೆ ನಿಂತಿತ್ತು. ಪಿ ಎಂದರೆ ನಿಲುಗಡೆ: ಒಳಗೆ ಒಂದು ಕೊಂಡಿ ಹಲ್ಲಿಗೆ ಬಿದ್ದು ಇಡೀ ಲಾರಿಯನ್ನು ಕಚ್ಚಿ ಹಿಡಿಯಬೇಕು. ಹ್ಯಾಂಡ್‌ಬ್ರೇಕು ಹಳೆಯದು, ಸಮತಟ್ಟಿನಲ್ಲಿ ಹಿಡಿಯುತ್ತಿತ್ತು, ಇಳಿಜಾರಿನಲ್ಲಿ ಬರೀ ಮರ್ಯಾದೆಗೆ ಇತ್ತು. ಹಾಗಾಗಿ ಅಣ್ಣ ಪಿ ಯನ್ನೇ ನಂಬಿದ್ದ, ಅದಕ್ಕೇ ಹಾಕಿಯೂ ಇದ್ದ. ಬಡಾಯಿ ಅದನ್ನು ಅರೆಕ್ಷಣ ನೋಡಿ, ಆರ್‌ಗೆ ಎಳೆದು, ಲಾರಿಯನ್ನು ಹಿಂದಕ್ಕೆ ತೆಗೆದ. ಆಮೇಲೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಯಾರೋ ಕೇಳಿದರು, ಯಾರೆಂದೂ ನೆನಪಿಲ್ಲ, ಲಿವರು ಎಲ್ಲಿತ್ತಪ್ಪಾ ಎಂದು. "ಎನ್‌ನಲ್ಲಿತ್ತು ಅನ್ಸುತ್ತೆ" ಅಂದ.

ಎನ್ ಎಂದರೆ ನ್ಯೂಟ್ರಲ್ಲು, ಗೇರೇ ಇಲ್ಲದ್ದು, ತಳ್ಳಿದರೆ ಹೋಗುವಂಥದ್ದು. ಬದುಕಿನುದ್ದಕ್ಕೂ ಬಡಾಯಿ ಬೆಟ್ಟದ ಗಾತ್ರದ ಸುಳ್ಳುಗಳನ್ನು ಹೇಳಿದ್ದ. ಸುಟ್ಟ ಇಂಜಿನ್ನನ್ನು ಮೂತಿಯಿಂದ ಊದಿ ಚಾಲೂ ಮಾಡಿದ್ದು, ಟಯರಿಲ್ಲದ ಬಸ್ಸನ್ನು ಘಾಟಿ ಇಳಿಸಿದ್ದು, ಒಬ್ಬ ಮಂತ್ರಿ ಅವನ ಕೈಯ ಗ್ರೀಸನ್ನು ತನ್ನ ಕರ್ಚೀಫಿನಲ್ಲಿ ಒರೆಸಿ ಆ ಕರ್ಚೀಫನ್ನು ಗಾಜು ಹಾಕಿಸಿ ಇಟ್ಟುಕೊಂಡದ್ದು. ಒಂದನ್ನೂ ಯಾರೂ ನಂಬಿರಲಿಲ್ಲ, ಅವರು ನಂಬುವುದಿಲ್ಲ ಎಂಬ ಧೈರ್ಯದಲ್ಲೇ ಅವನು ಹೇಳುತ್ತಿದ್ದದ್ದು. ಇದೊಂದು ಸಾಸಿವೆಯಷ್ಟು ಸುಳ್ಳು, ಅದರ ಕೊನೆಗೆ ಮೆಲ್ಲಗೆ ಒಂದು ಅನ್ಸುತ್ತೆ, ಇದನ್ನು ಮಾತ್ರ ಕಣ್ಣು ಮಿಟುಕಿಸದೆ ನಂಬಿದರು. ಬಡಾಯಿಯೇ ಇಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದಾನೆಂದರೆ ನಿಜವೇ ಇರಬೇಕು ಅಂದುಕೊಂಡರು. ಮಾತು ಆಸ್ಪತ್ರೆಯಿಂದ ಬೀದಿಗೆ, ಬೀದಿಯಿಂದ ಗಾಜಿನಂಗಡಿಗೆ ಹೋಗಿ, ಎಂಟು ದಿನ ಬಿಟ್ಟು, ಪ್ರಜ್ಞೆ ಪೂರ್ತಿ ತಿಳಿಯಾದ ಮೇಲೆ, ಅಣ್ಣನ ಹಾಸಿಗೆಗೂ ಬಂತು. ಅಣ್ಣ ಪ್ರತಿಭಟಿಸುತ್ತಾನೆ, ಹಾಕಿದ್ದೆ ಕಣೋ ಎಂದು ಕೂಗಾಡುತ್ತಾನೆ, ಆಗ ತಾನೂ ಒಪ್ಪಿಕೊಂಡುಬಿಡಬಹುದು ಎಂದು ಬಡಾಯಿ ಕಾದಿದ್ದ. ಅಣ್ಣ ಹೌದಾ ಅಂದ, ತನ್ನ ಬಲಗೈಯನ್ನು ಎತ್ತಿ ಅಂಗೈ ನೋಡಿಕೊಂಡ, ಹೊದಿಕೆಯ ಒಳಕ್ಕೆ ಎಳೆದುಕೊಂಡ.

ಲಾರಿ ಜಾರಿಬಂದ ಬೆಳಗ್ಗೆಯ ಹಿಂದಿನ ದಿನ ಕೇಬಲ್ಲು ಬದಲಾಯಿಸಿದ್ದು ಬಡಾಯಿ. ಮೇಲಿನ ಲಿವರಿನಿಂದ ಕೆಳಗಿನ ಗೇರ್‌ಬಾಕ್ಸಿನ ಹೊರಗೆ ಚಾಚಿದ ಕಬ್ಬಿಣದ ತೋಳಿಗೆ ಹೋಗುವ ಕೇಬಲ್ಲು. ಅದನ್ನು ಹೊಂದಿಸಲು ಇಬ್ಬರು ಬೇಕು. ಅದು ನಿಯಮ, ಅವನಿಗೆ ಕಲಿಸಿದವನು ಅಣ್ಣನೇ: ಮೇಲೊಬ್ಬ ಕ್ಯಾಬಿನ್ನಿನಲ್ಲಿ ಕೂತು ಲಿವರು ಹಾಕಿ ಅಕ್ಷರ ಹೇಳಬೇಕು, ಕೆಳಗೊಬ್ಬ ಮಲಗಿ, ತೋಳು ಎಲ್ಲಿಗೆ ಬಂತೆಂದು ಕಣ್ಣಾರೆ ಕಂಡು ಹೇಳಬೇಕು, ಕೆಳಗಿನವನು ಸರಿ ಅನ್ನುವವರೆಗೆ ಮೇಲಿನವನು ಲಿವರು ಬಿಡಕೂಡದು. ಅಂದು ಸಂಜೆ ಅಣ್ಣ ಊಟದ ತಟ್ಟೆಯ ಮುಂದಿದ್ದ, ಬರ್ತೀನಿ ತಾಳು, ಮೇಲೆ ಕೂರ್ತೀನಿ ಅಂದಿದ್ದ. ಬಡಾಯಿ ನಕ್ಕ. ನನಗೆ ಇನ್ನೊಬ್ಬ ಬೇಕಾ, ನಾನು ಕಣ್ಣು ಮುಚ್ಚಿಕೊಂಡು ರೈಲಿನ ಗೇರೇ ಹೊಂದಿಸುತ್ತೇನೆ, ನೀನು ಉಣ್ಣು ಎಂದು ಹೇಳಿ, ಮೇಲೆ ತಾನೇ ಹತ್ತಿ ಪಿ ಗೆ ಹಾಕಿ, ಇಳಿದು ಕೆಳಗೆ ತಾನೇ ಮಲಗಿ, ನಟ್ಟು ಬಿಗಿದು, ಕೈ ತಟ್ಟಿಕೊಂಡು ಎದ್ದುಬಂದ. ಹತ್ತಿ ಇಳಿಯುವಷ್ಟರಲ್ಲಿ ಲಿವರು ತನ್ನ ಭಾರಕ್ಕೆ ಒಂದಿಷ್ಟು ವಾಲಿತ್ತೋ, ಅಥವಾ ಉಣ್ಣುವ ಮುಂಚೆ ಮುಗಿಸಿ ತೋರಿಸುವ ಅವಸರಕ್ಕೆ ಅವನೇ ಸರಿಯಾಗಿ ನೋಡಲಿಲ್ಲವೋ. ಮೇಲೆ ಲಿವರು ಪಿ ಅಂದರೂ ಕೆಳಗೆ ತೋಳು ಪಿ ಗೆ ತಲುಪದೆ ಉಳಿದದ್ದು ಎಷ್ಟು, ಅರ್ಧ ಬೆರಳು. ಅಷ್ಟರಲ್ಲಿ ಏನಾಗುತ್ತದೆ, ಏನೂ ಆಗುವುದಿಲ್ಲ, ಗೇರ್‌ಬಾಕ್ಸಿನ ಒಳಗೇ ಏನೋ ಮುರಿದಿರಬೇಕು. ಇದನ್ನು ಅವನು ಎಷ್ಟು ದಿನ ಅಂದುಕೊಂಡನೆಂದರೆ ಕೊನೆಗೊಂದು ದಿನ ಊಟದ ಹೊತ್ತಿಗೆ ಗಟ್ಟಿಯಾಗಿಯೇ ಅಂದುಬಿಟ್ಟ: ಅಣ್ಣ, ನಿನ್ನ ಕೈಯದ್ದಲ್ಲ ತಪ್ಪು, ಎನ್‌ನಲ್ಲಿತ್ತು ಅಂದೆನಲ್ಲ, ಪಿ ಯಿಂದ ತಾನಾಗೇ ಜಾರಿ ಎನ್‌ಗೆ ಬಂದಿರಬೇಕು, ಒಳಗೆ ಕೊಂಡಿ ಮುರಿದಿರುತ್ತೆ, ಬಿಚ್ಚಿ ಮುರಿದ ತುಂಡು ತಂದು ನಿನ್ನ ಕೈಯಲ್ಲೇ ಇಡ್ತೀನಿ. ಅಣ್ಣನ ಮುಖ ಆ ಬೆಳಗ್ಗೆಯ ನಂತರ ಮೊದಲ ಸಲ ಅವನ ಕಡೆ ತಿರುಗಿತು. ಅತ್ತಿಗೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. ಆ ಸೌಟು ನಿಂತ ರೀತಿ ಅವನಿಗೆ ಸೇರಲಿಲ್ಲ.

ಹಾಗೆ ಗೇರ್‌ಬಾಕ್ಸು ಮನೆಯೊಳಗೆ ಬಂತು, ಶೆಡ್ಡಿನ ಧೂಳು ತಾಕಿದರೆ ಅದಕ್ಕೆ ಆಗದು. ಬಡಾಯಿಯ ಮಂಚ ಗೋಡೆಗೆ ನಿಂತಿತು. ಅಡುಗೆಮನೆಯ ದೊಡ್ಡ ಪಾತ್ರೆ ಕ್ಲಚ್ ಪ್ಲೇಟು ನೆನೆಸಲು ಬಂತು, ಹಲ್ಲುಜ್ಜುವ ಬ್ರಷ್ಷುಗಳು ಎಣ್ಣೆ ಹರಿಯುವ ಕವಾಟ ತೊಳೆಯಲು ಬಂದವು. "ಹೊದಿಕೆ ಹೋಯ್ತು, ಪಾತ್ರೆ ಹೋಯ್ತು. ಒಲೆ ಒಂದು ಉಳಿದಿದೆ, ಅದನ್ನೂ ಬಿಚ್ಚಿಬಿಡು ಮಾರಾಯ" ಎಂದು ಅತ್ತಿಗೆ ಹೇಳಿ ಹೋದಳು. ಬಿಳಿ ಹೊದಿಕೆಯ ಮೇಲೆ ಅವನು ಒಂದೊಂದನ್ನೇ ಬಿಚ್ಚಿದ ಕ್ರಮದಲ್ಲಿ ಇಡುತ್ತ ಹೋದ: ಡ್ರಮ್ಮುಗಳು, ಉಂಗುರಗಳು, ಒಂದನ್ನೊಂದು ಕಚ್ಚಿಕೊಂಡ ಹಲ್ಲುಚಕ್ರಗಳು, ಬೆರಳಿನ ಮೂಳೆಗಳಂಥ ಸಣ್ಣ ಪಿಸ್ಟನ್ನುಗಳು, ಗೋಲಿಗಳು. ಹತ್ತು ಸಾವಿರ ಭಾಗ ಇದ್ದವು ಎಂದು ಅವನು ಬೀದಿಯಲ್ಲಿ ಹೇಳಿದ, ಇದ್ದದ್ದು ಐದುನೂರು ಚಿಲ್ಲರೆ. ಮಧ್ಯಾಹ್ನದ ಹೊತ್ತು ಅಣ್ಣನ ಕೋಣೆಯಲ್ಲಿ ಬಿಸಿಲು ತಡೆಯಲು ಕಿಟಕಿಗೆ ಅವನದೇ ಸೊಂಟದ ಎಕ್ಸ್‌ರೇ ಹಾಳೆಗಳನ್ನು ಅಂಟಿಸಿದ್ದರು. ತೆರೆದ ಬಾಗಿಲಿನಿಂದ ಬಡಾಯಿಗೆ ಅವು ಕಾಣುತ್ತಿದ್ದವು. ಬಿಸಿಲು ಅವುಗಳ ಹಿಂದೆ ಬಂದಾಗ ಬಿಳಿಯ ಮೂಳೆ, ಮೂಳೆಯೊಳಗೆ ಆರು ಸ್ಕ್ರೂ. ಹೊದಿಕೆಯ ಮೇಲಿನ ಸಾಮಾನಿನಿಂದ ತಲೆ ಎತ್ತಿದರೆ ಅದು, ಅದರಿಂದ ತಲೆ ಇಳಿಸಿದರೆ ಇದು. ಮೂರನೆಯ ದಿನ ಹೊದಿಕೆಯ ಮೇಲಿನ ಸಾಲುಗಳು ಅಗಲ ಭುಜ, ಸಣ್ಣ ನಡು, ಚಾಚಿದ ಎರಡು ಕಾಲುಗಳ ಆಕಾರಕ್ಕೆ ಬಂದುಬಿಟ್ಟಿವೆ ಎಂದು ಅನಿಸಿ ಮೈ ಜುಮ್ಮೆಂದಿತು. ಎದ್ದು ನಿಂತು ನೋಡಿದ. ಹೌದು, ಬಂದಿದ್ದವು. ಕ್ರಮ ಕೆಡಿಸಿದರೆ ಮತ್ತೆ ಜೋಡಿಸಲಾಗದು, ಹಾಗಾಗಿ ಅದರ ಪಕ್ಕದಲ್ಲೇ, ನೆಲದ ಮೇಲೆ, ಹನ್ನೊಂದು ರಾತ್ರಿ ಮಲಗಿದ.

ಕೊಂಡಿ ಸಿಕ್ಕಿತು. ಮುರಿದಿರಲಿಲ್ಲ. ಅದು ಕಚ್ಚುವ ಹಲ್ಲುಗಳೂ ಮುರಿದಿರಲಿಲ್ಲ, ಅದರ ಸ್ಪ್ರಿಂಗು ಹೊಸ ಮದುವಣಗಿತ್ತಿಯ ಹಾಗೆ ಬಿಗಿಯಾಗಿತ್ತು. ಕಣ್ಣು ಸಾಲದೆಂದು ಭೂತಗನ್ನಡಿ ತಂದ, ಭೂತಗನ್ನಡಿ ಸಾಲದೆಂದು ಬಟ್ಟೆಯಲ್ಲಿ ಸುತ್ತಿಕೊಂಡು ಲೇತ್ ಅಂಗಡಿಗೆ ಒಯ್ದ. ಲೇತಿನವನು ಕೊಂಡಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಮೈಕ್ರೊಮೀಟರಿಗೆ ಕೊಟ್ಟು, ಇದರಲ್ಲಿ ಏನು ಹುಡುಕುತ್ತಿದ್ದೀಯ ಎಂದು ಕೇಳಿದ. ಬಿರುಕು ಅಂದ ಬಡಾಯಿ. ಬಿರುಕಿಲ್ಲ ಅಂದ ಅವನು. ಇರಲೇಬೇಕು ಅಂದ ಬಡಾಯಿ. "ಬೇಕಾದ್ರೆ ಸುತ್ತಿಗೆ ಕೊಡ್ತೀನಿ, ಮಾಡ್ಕೊ" ಎಂದು ಲೇತಿನವನು ಕಿಸಕ್ಕನೆ ನಕ್ಕ. ನಗೆ ಹಳೆಯದು, ಇಬ್ಬರಿಗೂ ಅಭ್ಯಾಸದ್ದು. ಆದರೆ ದಾರಿಯುದ್ದಕ್ಕೂ ಬಡಾಯಿಗೆ ಜೇಬಿನಲ್ಲಿ ಕೊಂಡಿಯ ಜೊತೆ ಒಂದು ಸುತ್ತಿಗೆಯೂ ಇದ್ದಂತೆ ಭಾರವಾಯಿತು. ಹೌದಲ್ಲ, ಒಂದು ಏಟು. ಮುರಿದ ತುಂಡನ್ನು ಅಣ್ಣನ ಅಂಗೈಯಲ್ಲಿಟ್ಟರೆ ಎಲ್ಲರಿಗೂ ಒಳ್ಳೆಯದು. ಮನೆಗೆ ಬಂದು ಕೊಂಡಿಯನ್ನು ಕಲ್ಲಿನ ಮೇಲಿಟ್ಟ, ಹೊಡೆದ. ಕಲ್ಲು ಒಡೆಯಿತು. ಕೊಂಡಿಯ ಮೇಲೆ ಒಂದು ಗೀರೂ ಬೀಳಲಿಲ್ಲ. ಇಂಥ ಗಟ್ಟಿ ಉಕ್ಕನ್ನು ತಾನು ಈ ಭೂಮಂಡಲದಲ್ಲೇ ಕಂಡಿಲ್ಲ ಎಂದು ಅಂದುಕೊಳ್ಳುವಾಗ ಅವನಿಗೆ ಒಂದು ಥರ ಹೆಮ್ಮೆಯೂ ಆಯಿತು, ಆಮೇಲೆ ಬೆವರಿತು. ಪ್ರತಿದಿನ ಅಣ್ಣ ಗೋಡೆಯಾಚೆಯಿಂದ ಸಿಕ್ಕಿತಾ ಎಂದು ಕೇಳುತ್ತಿದ್ದ, ಪ್ರತಿದಿನ ಇವನು ನಾಳೆ ಸಿಗುತ್ತೆ ಅನ್ನುತ್ತಿದ್ದ. ಒಂದು ದಿನ ಅಣ್ಣ ಕೇಳಲಿಲ್ಲ.

ಆ ದಿನವೇ ಇರಬೇಕು. ಮಧ್ಯಾಹ್ನ ಲೇತ್ ಅಂಗಡಿಗೆ ಹೋಗಿಬರುತ್ತೇನೆಂದು ಹೇಳಿ ಹೊರಟವನು ಬೀದಿಯ ತಿರುವಿನಲ್ಲಿ ಸಾಕೆನಿಸಿ ಹಿಂದಿರುಗಿ, ಯಾರಿಗೂ ಕಾಣದೆ ಲಾರಿಯ ಕೆಳಗೆ ಹೋಗಿ ಮಲಗಿಬಿಟ್ಟಿದ್ದ. ಗೇರ್‌ಬಾಕ್ಸು ಇದ್ದ ಜಾಗದಲ್ಲಿ ಒಂದು ಆಳವಾದ ಕಪ್ಪು. ಆ ಕಪ್ಪಿನಿಂದ ಕೇಬಲ್ಲಿನ ತುದಿಯೊಂದು, ಯಾವುದಕ್ಕೂ ಸೇರದೆ, ಅವನ ಮುಖದ ಮೇಲೆ ಒಂದು ಗೇಣಿನ ಎತ್ತರದಲ್ಲಿ ಇಳಿಬಿದ್ದಿತ್ತು. ಅದನ್ನು ನೋಡುತ್ತ ಕಣ್ಣು ಎಳೆದುಕೊಂಡು ಹೋಗುತ್ತಿದ್ದ ಹೊತ್ತಿಗೆ ಅದು ಅಲುಗಿತು. ಹಲ್ಲಿಯ ನಾಲಿಗೆಯ ಹಾಗೆ ಎರಡು ಬೆರಳು ಹೊರಗೆ ಬಂತು, ತಡೆಯಿತು, ಒಳಗೆ ಹೋಯಿತು. ಮತ್ತೆ ಬಂತು. ಗಾಳಿಯಿರಲಿಲ್ಲ. ಇದ್ದರೂ ಗಾಳಿ ಉಕ್ಕಿನ ಕೇಬಲ್ಲನ್ನು ಎಳೆಯುವುದಿಲ್ಲ. ಕೂಗಬೇಕೆಂದರೆ ಬಾಯಲ್ಲಿ ನಾಲ್ಕು ತಿಂಗಳ ಹಿಂದಿನ ಆ ನೊರೆ. ಪಕ್ಕಕ್ಕೆ ಕತ್ತು ತಿರುಗಿಸಿದಾಗ ಕ್ಯಾಬಿನ್ನಿನ ಮೆಟ್ಟಿಲಿಗೆ ಒರಗಿಸಿಟ್ಟ ಊರುಗೋಲು ಕಾಣಿಸಿತು, ಅದರ ಬುಡದಲ್ಲಿ ಅಣ್ಣನ ಒಂದು ಚಪ್ಪಲಿ. ಅತ್ತಿಗೆಯ ಹೆಗಲಿಲ್ಲದೆ ಬಚ್ಚಲಿಗೂ ಹೋಗಲಾರದ ಅಣ್ಣ ಲಾರಿ ಹತ್ತಿ ಕೂತಿದ್ದ. ಮೇಲಿನಿಂದ ಮೆಲ್ಲನೆಯ ದನಿ ತಗಡಿನ ಮೂಲಕ ಇಳಿದು ಬಂತು. ಪಿ. ಹಾಕ್ದೆ. ನೋಡ್ದೆ. ಇಳಿದೆ. ಕೇಬಲ್ಲಿನ ನಾಲಿಗೆ ಹೊರಬಂದು ಒಳಹೋಯಿತು. ಪಿ. ಹಾಕ್ದೆ. ನೋಡ್ದೆ. ಇಳಿದೆ. ಸಾವಿರ ಸಲ ಹೇಳಿದ, ಎಣಿಸಿದ್ದರೆ ಅರವತ್ತಿರಬಹುದು. ನಡುವೆ ದನಿ ಬದಲಾಯಿತು. ಎನ್. ಮರೆತೆ. ಇಳಿದೆ. ಮತ್ತೆ, ಎನ್. ಮರೆತೆ. ಮರೆತಾಗ ಕೈಗೆ ಹೇಗಿರುತ್ತದೆ ಎಂದು ಅಣ್ಣ ಹುಡುಕುತ್ತಿದ್ದ. ತನ್ನ ಕೈಯ ಒಳಗೆ, ಅಲ್ಲಿ ಇಲ್ಲದ ಒಂದು ಗಳಿಗೆಯನ್ನು, ಬಡಾಯಿ ಹೊದಿಕೆಯ ಮೇಲೆ ಇಲ್ಲದ ಬಿರುಕನ್ನು ಹುಡುಕಿದ ಹಾಗೇ. ಬಡಾಯಿ ಉಸಿರಾಡದೆ ಮಲಗಿದ್ದ. ಅಣ್ಣ ಇಳಿದು, ಗೋಡೆ ಹಿಡಿದು, ಊರುಗೋಲು ಕುಟ್ಟುತ್ತ ಒಳಗೆ ಹೋದ ಮೇಲೂ ಕೇಬಲ್ಲಿನ ತುದಿ ತುಸು ಹೊತ್ತು ಅಲುಗುತ್ತಲೇ ಇತ್ತು. ಅಥವಾ ಅಲುಗುತ್ತಿದ್ದದ್ದು ಇವನ ಕಣ್ಣು.

ಈಗ, ಶೆಡ್ಡಿನಲ್ಲಿ, ಗೇರ್‌ಬಾಕ್ಸು ಮೇಲೇರಿತು. ಬೋಲ್ಟುಗಳು ಕೂತವು. ಜಾಯಿಂಟ್ ಶಾಫ್ಟು ಸೇರಿತು, ಕೆಂಪು ಎಣ್ಣೆ ಕೊಳವೆಯಲ್ಲಿ ಗುಟುಕು ಗುಟುಕಾಗಿ ಇಳಿಯಿತು. ಇಂಜಿನ್ ಹೊಡೆದು ನೋಡಿದ, ಸದ್ದು ಎಳೆಗೂಸಿನ ಗೊರಕೆಯ ಹಾಗಿತ್ತು, ನಿಲ್ಲಿಸಿದ. ಲಾರಿಯನ್ನು ಮರದ ದಿಮ್ಮಿಗಳಿಂದ ಇಳಿಸಿ, ಹ್ಯಾಂಡ್‌ಬ್ರೇಕು ಎಳೆದ. ಶೆಡ್ಡಿನ ನೆಲವೂ ಗೇಟಿನ ಕಡೆಗೇ ವಾಲಿತ್ತು, ಹಾಗಾಗಿ ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟ. ನಾಲ್ಕು ಗಂಟೆ ದಾಟಿತ್ತು. ಉಳಿದದ್ದು ಕೇಬಲ್ಲೊಂದೇ. ಮತ್ತೆ ಕೆಳಗೆ ಮಲಗಿ ಅದರ ತುದಿಯನ್ನು ತೋಳಿಗೆ ಸಿಕ್ಕಿಸಿದ. ನಟ್ಟು ಅವನು ನಾಲ್ಕು ತಿಂಗಳ ಹಿಂದೆ ಎಲ್ಲಿ ಬಿಗಿದಿದ್ದನೋ ಅಲ್ಲೇ ಇತ್ತು. ಗೇರ್‌ಬಾಕ್ಸಿನ ಐದುನೂರು ಭಾಗಗಳನ್ನು ಮುಟ್ಟಿದ ಕೈ ಈ ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಎಂಟು ಸುತ್ತು. ಎಂಟು ಸುತ್ತು ತಿರುಗಿಸಿದರೆ ಅರ್ಧ ಬೆರಳು ಮುಗಿಯಿತು, ಆಮೇಲೆ ಇಡೀ ಲೋಕವೇ ಬಂದು ಮಲಗಿ ನೋಡಿದರೂ ಏನೂ ಕಾಣುವುದಿಲ್ಲ. ಪಾನಾ ನಟ್ಟಿಗೆ ಹಾಕಿದ. ಆಗ ಊರುಗೋಲಿನ ಸದ್ದು ಬಂತು, ಶೆಡ್ಡಿನ ಬಾಗಿಲು ದಾಟಿತು, ಕ್ಯಾಬಿನ್ನಿನ ಹತ್ತಿರ ನಿಂತಿತು. ಲಾರಿ ಒಂದು ಪಕ್ಕಕ್ಕೆ ಮೆಲ್ಲನೆ ಬಾಗಿ, ಮತ್ತೆ ನೆಟ್ಟಗಾಯಿತು.

"ಕೂತಿದೀನಿ ಕಣೋ" ಅಂದ ಅಣ್ಣ, ಮೇಲಿನಿಂದ.

ನೀನ್ಯಾಕೆ ಹತ್ತಿದೆ ಅಣ್ಣ, ಸೊಂಟ, ನಾನೊಬ್ಬನೇ ಮಾಡಿಕೊಳ್ಳುತ್ತೇನೆ ಎಂದು ಬಡಾಯಿ ಒಂದೇ ಉಸಿರಿಗೆ ಹೇಳಿದ. ಇದು ಒಬ್ಬನೇ ಮಾಡುವ ಕೆಲಸವಲ್ಲ ಅಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಡುವ ಗಾಡಿಯನ್ನು ಸರಿಯಾಗಿ ಕೊಡಬೇಕು ಎಂಬ ಹಳೆಯ ಡ್ರೈವರಿನ ಮುತುವರ್ಜಿ ಮಾತ್ರ ಇತ್ತು. ಆಮೇಲೆ ಲಿವರು ಕಟಕ್ಕೆಂದಿತು, ಕೇಬಲ್ಲು ಜರಗಿತು, ಬಡಾಯಿಯ ಕಣ್ಣೆದುರು ಗೇರ್‌ಬಾಕ್ಸಿನ ತೋಳು ಹೊರಳಿ, ಪಿ ಗುರುತಿನ ಇತ್ತ ಕಡೆ, ಅರ್ಧ ಬೆರಳು ಇತ್ತ ಕಡೆ, ನಿಂತಿತು.

"ಪಿ. ಹಾಕಿದೀನಿ. ಬಂತಾ?"

ಬಂತು ಎನ್ನುವುದು ಎರಡು ಅಕ್ಷರ. ಹೇಳಿ, ಎಂಟು ಸುತ್ತು ತಿರುಗಿಸಿ, ಸರಿ ಅಂದರೆ ಆಯಿತು. ಅಣ್ಣ ಇಳಿದು ಹೋಗುತ್ತಾನೆ, ಕೊಳ್ಳುವವನು ಬರುತ್ತಾನೆ. ಬಡಾಯಿ ಬಾಯಿ ತೆರೆದ. ತಗಡಿನಾಚೆ ಅಣ್ಣ ಕಾಯುತ್ತಿದ್ದ, ಲಿವರು ಬಿಡದೆ, ನಿಯಮದ ಪ್ರಕಾರ. ಆ ಕೈ ಲಿವರನ್ನು ಹಿಡಿದಿರುವ ಬಿಗಿ ಕೇಬಲ್ಲಿನ ಗುಂಟ ಇಳಿದು, ತೋಳಿನ ಮೇಲಿಟ್ಟ ಇವನ ಬೆರಳಿಗೆ ತಾಕುತ್ತಿತ್ತು, ನಾಡಿಯ ಹಾಗೆ. ಆ ಕೈ ತನ್ನನ್ನೇ ತಾನು ನಂಬದೆ, ಕೆಳಗಿನಿಂದ ಯಾರಾದರೂ ಹೇಳಲಿ ಎಂದು ಕಾಯುತ್ತಿತ್ತು.

"ಬಂದಿಲ್ಲ ಅಣ್ಣ" ಅಂದ ಬಡಾಯಿ. "ಅರ್ಧ ಬೆರಳು ಕಮ್ಮಿ ಇದೆ."

"ನಟ್ಟು ಮುಟ್ಟಿದ್ಯಾ?"

"ಇಲ್ಲ. ಅವತ್ತು ಒಬ್ಬನೇ ಬಿಗಿದಿದ್ನಲ್ಲ, ಹಂಗೇ ಇದೆ."

ಲಾರಿಯ ಹೊಟ್ಟೆಯಲ್ಲಿ ಎಲ್ಲೋ ಒಂದು ಹನಿ ಎಣ್ಣೆ ಬೀಳಲು ತಯಾರಾಗಿ, ಉದ್ದವಾಗಿ, ಬೀಳದೆ ನಿಂತಿತ್ತು. ಬಡಾಯಿ ಅದನ್ನು ನೋಡುತ್ತಿದ್ದ. ಅಣ್ಣ ಮಾತಾಡಿದಾಗ ದನಿ ಎಷ್ಟು ಹತ್ತಿರದಿಂದ ಬಂತೆಂದರೆ ಅವನು ಮೇಲೆ ಕೂತಿಲ್ಲ, ಗೋಣಿಚೀಲದ ಮೇಲೆ ಪಕ್ಕದಲ್ಲೇ ಮಲಗಿದ್ದಾನೆ ಅನ್ನಿಸಿತು. "ಅವತ್ತು ನೀನು ಹತ್ತಿದಾಗ ಲಿವರು ಎಲ್ಲಿತ್ತೋ?"

"ಪಿ ನಲ್ಲಿತ್ತು. ಕಣ್ಣಾರೆ ಕಂಡೆ."

ಹನಿ ಬಿತ್ತು. ಕಲ್ಲು ಕೊಟ್ಟಿದ್ದೀಯಾ ಎಂದು ಅಣ್ಣ ಕೇಳಿದ. ಕೊಟ್ಟಿದ್ದೇನೆ ಅಂದ. ಇದನ್ನು ಯಾಕೆ ಕೇಳಿದ ಎಂದು ಅರ್ಥವಾಗುವಷ್ಟರಲ್ಲಿ ಹ್ಯಾಂಡ್‌ಬ್ರೇಕಿನ ಹಲ್ಲುಗಳು ಒಂದೊಂದಾಗಿ ಬಿಟ್ಟುಕೊಂಡವು. ಲಿವರು ಪಿ ನಲ್ಲೇ ಇತ್ತು, ಅಣ್ಣ ಅದನ್ನು ಹಿಡಿದೇ ಇದ್ದ, ಆದರೂ ಲಾರಿ ಬಂತು. ಇಂದೂ ಸದ್ದಿಲ್ಲ. ಇಡೀ ಕಪ್ಪು ಹೊಟ್ಟೆ ಬಡಾಯಿಯ ಮುಖದ ಮೇಲೆ ಮುಂದಕ್ಕೆ ಸರಿಯಿತು, ಬಾನು ಸರಿದ ಹಾಗೆ, ಮೂರು ಬೆರಳು, ನಾಲ್ಕು ಬೆರಳು, ಹಿಂದಿನ ಚಕ್ರಗಳ ನಡುವಿನ ಕಬ್ಬಿಣದ ಗುಂಡು ಅವನ ಕಾಲಿನ ಹತ್ತಿರ ಬಂತು, ಆಮೇಲೆ ಮುಂದೆ ಕಲ್ಲು ನರಳಿತು ಮತ್ತು ಎಲ್ಲ ನಿಂತಿತು. ಕಾಲು ಎಳೆದುಕೊಳ್ಳಬಹುದಿತ್ತು, ಅವನು ಎಳೆದುಕೊಳ್ಳಲಿಲ್ಲ. ಆಗ ಅದು ನ್ಯಾಯವೆಂದು ಕಂಡಿತ್ತೋ, ಕಾಲು ಕೇಳಲಿಲ್ಲವೋ, ಅವನಿಗೇ ಗೊತ್ತಿಲ್ಲ. ಮೇಲೆ ಅಣ್ಣ ನಕ್ಕ ಹಾಗೆ, ಅಥವಾ ಕೆಮ್ಮಿದ ಹಾಗೆ, ಒಂದು ಸದ್ದು ಮಾಡಿದ. ಹ್ಯಾಂಡ್‌ಬ್ರೇಕು ಮತ್ತೆ ಎಳೆದ. ಲಾರಿ ಒಂದು ಪಕ್ಕಕ್ಕೆ ಬಾಗಿತು, ನೆಟ್ಟಗಾಯಿತು. ಊರುಗೋಲು ಅಂಗಳ ದಾಟಿ ಹೋಯಿತು, ಬಂದಾಗಿನದಕ್ಕಿಂತ ಜೋರಾಗಿ.

ಕೆಳಗೆ ಮಲಗಿದವನಿಗೆ ಒಳಗಿನ ಮಾತು ಕೇಳಿಸಿತು. ಹಾಕಿದ್ದೆ ಕಣೇ, ನಾನು ಹಾಕಿದ್ದೆ ಎಂದು ಅಣ್ಣ ಅತ್ತಿಗೆಗೆ ಹೇಳುತ್ತಿದ್ದ, ಹಾಕಿದ್ದೆ ಎಂದೇ ಹೇಳುತ್ತಿದ್ದ, ಇನ್ನುಳಿದದ್ದನ್ನು ಅವಳು ಬಿಡಿಸಿ ಬಿಡಿಸಿ ಕೇಳಿಕೊಳ್ಳಬೇಕಾಯಿತು. ಅವಳ ದನಿ ಮಾತ್ರ ಇವನಿಗೆ ಕೇಳದಷ್ಟು ತಗ್ಗಾಗಿತ್ತು, ತಗ್ಗಾಗಿದ್ದೇ ನಿಂತುಹೋಯಿತು. ಐದು ಗಂಟೆಗೆ ಗೇಟಿನ ಹತ್ತಿರ ಹಾರ್ನು ಕೇಳಿಸಿತು. ಅಣ್ಣನೇ ಹೋದ. ಕೊಡುವುದಿಲ್ಲ ಸ್ವಾಮಿ, ಸುಮ್ಮನೆ ಓಡಾಡಿಸಿದೆ, ಕ್ಷಮಿಸಿ, ಗಾಜಿನ ಕೆಲಸ ಇದೆ ನನಗೆ ಎಂದ. ಹಾರ್ನಿನವನು ಏನೋ ಗೊಣಗಿ ಹೋದ. ಬಡಾಯಿ ಎದ್ದು ಬರಬೇಕಿತ್ತು. ಆದರೆ ನಟ್ಟು ಹಾಗೇ ಇತ್ತು, ಅದನ್ನು ಹೊಂದಿಸದೆ ಈ ಕೆಳಗಿನಿಂದ ಏಳುವ ಹಾಗಿರಲಿಲ್ಲ, ಹೊಂದಿಸಲು ಮೇಲೊಬ್ಬರು ಬೇಕಿತ್ತು. ಅಣ್ಣನನ್ನು ಕರೆಯಲು ಬಾಯಿ ಬರಲಿಲ್ಲ. ಯಾರಾದರೂ ಬನ್ನಿ ಎಂದ, ಒಂದು ಸಲ, ಪಕ್ಕದ ಚಕ್ರಕ್ಕೂ ಕೇಳಿಸದಷ್ಟು ಮೆಲ್ಲಗೆ. ಬೆಳಕು ಲಾರಿಯ ಅಡಿಯಿಂದ ಹಿಂದೆ ಸರಿಯುತ್ತ ಹೋಯಿತು.

ಆಮೇಲೆ ಪಾದಗಳು ಬಂದವು. ಅತ್ತಿಗೆಯ ಪಾದಗಳು, ಬರಿಗಾಲು, ಅಡುಗೆಮನೆಯ ನೀರಿನಲ್ಲಿ ಒದ್ದೆಯಾಗಿ, ಅಂಗಳದ ಮಣ್ಣು ಅಂಟಿಕೊಂಡಿದ್ದವು. ಮುಂದಿನ ಚಕ್ರದ ಹತ್ತಿರ ಬಂದು ಕಲ್ಲಿನ ಪಕ್ಕದಲ್ಲಿ ನಿಂತವು. ಪಾದಗಳ ಮೇಲೆ ಏನಿತ್ತೋ, ಯಾವ ಮುಖವಿತ್ತೋ, ಲಾರಿಯ ಅಂಚು ಅಲ್ಲಿಗೆ ಕತ್ತರಿಸಿಬಿಟ್ಟಿತ್ತು. ಬಲಗಾಲಿನ ಹೆಬ್ಬೆರಳು ಎದ್ದು ಕಲ್ಲನ್ನು ಮುಟ್ಟಿತು. ಲಾರಿಯ ಭಾರವೆಲ್ಲ ಆ ಕಲ್ಲಿಗೆ ಆತುಕೊಂಡಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದಳು ಎಂದರೆ ಒಂದು ಯುಗ. ಇದರಲ್ಲಿ ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕೊನೆಗೆ ಹೆಬ್ಬೆರಳು ಹಿಂದೆ ಸರಿಯಿತು. ಹಿಮ್ಮಡಿ ಬಂದು ಕಲ್ಲನ್ನು ಚಕ್ರದ ಅಡಿಗೆ ಇನ್ನಷ್ಟು ಗಟ್ಟಿಯಾಗಿ ತುಳಿಯಿತು, ಎರಡು ಸಲ. ಪಾದಗಳು ಮೆಟ್ಟಿಲು ಹತ್ತಿ ಕಾಣದಾದವು. ಲಾರಿ ಬಾಗಿತು. ಗಾಡಿ ಗೊತ್ತಿಲ್ಲದ ಕೈಯೊಂದು ಲಿವರನ್ನು ತಡಕಿ, ತಪ್ಪಿ, ಸರಿಯಾದ ಜಾಗಕ್ಕೆ ತಳ್ಳುವುದು ಕೇಬಲ್ಲಿನಲ್ಲಿ ತಿಳಿಯಿತು.

"ಪಿ ಅಂತ ಇರೋದಕ್ಕೆ ಹಾಕಿದೀನಿ" ಅಂದಳು ಅತ್ತಿಗೆ. "ನೋಡಿ ಹೇಳು."

ಬಡಾಯಿ ನಟ್ಟು ತಿರುಗಿಸಿದ, ಎಂಟು ಸುತ್ತು. ತೋಳು ಗುರುತಿಗೆ ಬಂತು. ಒಳಗೆ ಕೊಂಡಿ ಹಲ್ಲಿಗೆ ಬೀಳುವುದು ಬೆರಳಿಗೆ ತಾಕಿತು. ಆದರೂ ಅವನು ಸ್ಕೇಲು ತೆಗೆದು ಅಳೆದ, ಇನ್ನೊಮ್ಮೆ ಅಳೆದ, ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಮೇಲೆ ಅವಳು ಲಿವರು ಬಿಡದೆ ಕಾದಳು.